ತಾಯಿ-ಕೂಸಿನ ಆರೈಕೆ: ನರ್ಸ್‌ಗಳಿಗೆ, ಆಶಾಗಳಿಗೆ ತರಬೇತಿ ಕೊಡೋದು ಹೇಗೆ

ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ಹೆರಿಗೆ ಮಾಡಿಸುವ ಸ್ಟಾಫ್ ನರ್ಸ್‌ಗಳಿಗೆ, ಮನೆಮನೆಗೆ ಹೋಗುವ ಆಶಾಗಳಿಗೆ ತರಬೇತಿ ಕೊಡುವ ಕೆಲಸ ನಿಮ್ಮ ಪಾಲಿಗೆ ಬಂದಿದೆಯಾ? ನೀವು ವೈದ್ಯಾಧಿಕಾರಿ ಇರಬಹುದು, ಹಿರಿಯ ಸಿಸ್ಟರ್ ಇರಬಹುದು, ಯಾವುದೋ ಸಂಸ್ಥೆಯಿಂದ ಬಂದವರಿರಬಹುದು. ಈ ಲೇಖನ ನಿಮಗೇ. ನಾನು ಉತ್ತರ ಕರ್ನಾಟಕದ ಪಿಎಚ್‌ಸಿಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಆದರೆ ಬಿಹಾರಕ್ಕೂ ತಾಂಜಾನಿಯಾಕ್ಕೂ ವಿಷಯ ಹೆಚ್ಚು ಕಡಿಮೆ ಇದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜಿಲ್ಲಾ ಕೇಂದ್ರದ ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿ, ಪ್ರೊಜೆಕ್ಟರ್ ಹಾಕಿ, ಸಹಿ ಹಾಳೆ ತಿರುಗಿಸಿ, ಊಟ ಹಾಕಿ ಕಳಿಸುವ ತರಬೇತಿಯಿಂದ ಹೆರಿಗೆ ಕೋಣೆಯಲ್ಲಿ ಏನೂ ಬದಲಾಗಲ್ಲ. ಇದು ಬರೀ ನನ್ನ ಅನಿಸಿಕೆ ಅಲ್ಲ. ತಾಂಜಾನಿಯಾದ ಹೈಡಮ್ ಎಂಬ ಹಳ್ಳಿಗಾಡಿನ ಆಸ್ಪತ್ರೆಯಲ್ಲಿ 2010ರಲ್ಲಿ, ಉಸಿರಾಡದೆ ಹುಟ್ಟಿದ ಕೂಸಿಗೆ ಉಸಿರು ಕೊಡೋದನ್ನು ಒಂದು ದಿನದ ತರಬೇತಿಯಲ್ಲಿ ಕಲಿಸಿದರು. ತಿಂಗಳುಗಳ ನಂತರ ನೋಡಿದರೆ, ಗೊಂಬೆಯ ಮೇಲೆ ಎಲ್ಲರೂ ಚೆನ್ನಾಗಿಯೇ ಮಾಡುತ್ತಿದ್ದರು. ನಿಜವಾದ ಕೂಸಿನ ಮುಂದೆ ಮಾತ್ರ ಮೊದಲಿನ ಹಾಗೇ. ಆಮೇಲೆ ಅದೇ ಆಸ್ಪತ್ರೆಯವರು ಪದ್ಧತಿ ಬದಲಿಸಿದರು. ಹೆರಿಗೆ ಕೋಣೆಯಲ್ಲೇ ಗೊಂಬೆ ಇಟ್ಟು, ವಾರಕ್ಕೊಮ್ಮೆ ನಾಲ್ಕೈದು ನಿಮಿಷ ಕೈಯಲ್ಲಿ ಮಾಡಿಸಿದರು. ಮೊದಲ 24 ಗಂಟೆಯಲ್ಲಿ ಸಾಯುವ ಕೂಸುಗಳ ಸಂಖ್ಯೆ ಸಾವಿರಕ್ಕೆ 11.1 ಇದ್ದದ್ದು 7.2ಕ್ಕೆ ಇಳಿಯಿತು. ಅದೇ ಆಸ್ಪತ್ರೆ, ಅದೇ ಪಾಠ. ಕಲಿಸಿದ ಜಾಗ ಬೇರೆ, ಮತ್ತೆ ಮತ್ತೆ ಕಲಿಸಿದರು, ಅಷ್ಟೇ.

ನಮ್ಮ ರಾಜ್ಯದ ಪರಿಸ್ಥಿತಿಯನ್ನೂ ಒಂದು ಸಲ ನೋಡಿ. 2018-20ರ ಎಸ್‌ಆರ್‌ಎಸ್ (ಕೇಂದ್ರ ಸರ್ಕಾರದ ಜನನ-ಮರಣ ಸಮೀಕ್ಷೆ) ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ದೇಶದಲ್ಲಿ 97, ಕರ್ನಾಟಕದಲ್ಲಿ 69. ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಜಾಸ್ತಿ. ಈಗ ಹೆರಿಗೆಗಳು ಬಹುತೇಕ ಆಸ್ಪತ್ರೆಯಲ್ಲೇ ಆಗುತ್ತವೆ. ಅಂದರೆ ಹೆಣ್ಣುಮಗಳು ನಮ್ಮ ಬಾಗಿಲಿಗೆ ಬಂದಿದ್ದಾಳೆ. ಬಂದ ಮೇಲೆ ಏನಾಗುತ್ತೆ ಅನ್ನೋದು ಅಲ್ಲಿ ಡ್ಯೂಟಿಯಲ್ಲಿರುವ ಸಿಸ್ಟರ್ ಕೈಯಲ್ಲಿದೆ.

ಮೊದಲು ಹೋಗಿ ನೋಡಿ

ಸ್ಲೈಡ್ ಮಾಡೋಕೆ ಕೂರಬೇಡಿ. ಆ ಪಿಎಚ್‌ಸಿಗೆ ಹೋಗಿ, ಹೆರಿಗೆ ಕೋಣೆಯಲ್ಲಿ ಅರ್ಧ ದಿನ ನಿಲ್ಲಿ. ರಾತ್ರಿ ಪಾಳಿಯನ್ನೂ ನೋಡಿದರೆ ಇನ್ನೂ ಒಳ್ಳೆಯದು, ಯಾಕಂದರೆ ಹೆರಿಗೆ ಗಡಿಯಾರ ನೋಡಿ ಆಗಲ್ಲ, ಮತ್ತು ರಾತ್ರಿ ಹೊತ್ತು ಒಬ್ಬ ನರ್ಸ್, ಒಬ್ಬ ಆಯಾ ಬಿಟ್ಟರೆ ಯಾರೂ ಇರಲ್ಲ.

ಅಂಬು ಬ್ಯಾಗ್ (ಉಸಿರಾಡದ ಕೂಸಿಗೆ ಹಿಚುಕಿ ಗಾಳಿ ಕೊಡುವ ಚೀಲ) ಎಲ್ಲಿದೆ ಕೇಳಿ. ಬೀರುವಿನ ಒಳಗೆ ಬೀಗ ಹಾಕಿ ಇಟ್ಟಿದ್ದರೆ ನಿಮ್ಮ ಮೊದಲ ಪಾಠ ಅಲ್ಲೇ ಸಿಕ್ಕಿತು. ಮಾಸ್ಕ್ ಎರಡು ಅಳತೆಯದ್ದು ಇದೆಯಾ, 0 ಮತ್ತು 1? ಬ್ಯಾಗಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಹಿಚುಕಿ ನೋಡಿ, ಗಾಳಿ ಸೋರುತ್ತಾ? ಕೂಸನ್ನು ಬೆಚ್ಚಗಿಡುವ ವಾರ್ಮರ್ ಹಾಕಿದರೆ ಬಿಸಿ ಆಗುತ್ತಾ? ಹೆರಿಗೆ ಆದ ಮೇಲೆ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಫ್ರಿಜ್‌ನಲ್ಲಿದೆಯಾ ಅಥವಾ ಟ್ರೇಯಲ್ಲಿ ದಿನಗಟ್ಟಲೆ ಬಿದ್ದಿದೆಯಾ? ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗಿಟ್ಟರೆ ಅದರ ಶಕ್ತಿ ಹೋಗುತ್ತೆ. ಆಮೇಲೆ ಸಿಸ್ಟರ್ ಇಂಜೆಕ್ಷನ್ ಕೊಟ್ಟರೂ ರಕ್ತ ನಿಲ್ಲಲ್ಲ, ತಪ್ಪು ಅವರದ್ದು ಅಂತಾಗುತ್ತೆ. ಬಿಪಿ ಏರಿ ಫಿಟ್ಸ್ ಬಂದವಳಿಗೆ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಆಂಪೂಲ್ ಎಷ್ಟಿವೆ, ಎಕ್ಸ್‌ಪೈರಿ ಯಾವಾಗ ನೋಡಿ. ಬಿಪಿ ಮೆಷಿನ್ ಸರಿ ಇದೆಯಾ? ಗೋಡೆ ಗಡಿಯಾರಕ್ಕೆ ಸೆಕೆಂಡ್ ಮುಳ್ಳು ಇದೆಯಾ? ಕೈ ತೊಳೆಯೋಕೆ ನಲ್ಲಿಯಲ್ಲಿ ನೀರು ಬರುತ್ತಾ?

ಇದೆಲ್ಲಾ ತರಬೇತಿಗೆ ಸಂಬಂಧ ಇಲ್ಲದ ವಿಷಯ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ಇಲ್ಲದ ಸಾಮಾನಿನ ಬಗ್ಗೆ ಪಾಠ ಮಾಡಿದರೆ ಕೇಳುವವರಿಗೆ ಬೇಸರ ಬರುತ್ತೆ, ಬರಬೇಕಾದದ್ದೇ. ತರಬೇತಿಗೆ ಮುಂಚೆಯೇ ಇಲ್ಲದ್ದರ ಪಟ್ಟಿ ಮಾಡಿ ವೈದ್ಯಾಧಿಕಾರಿಗೆ, ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಡಿ. ಬೆನ್ನು ಹತ್ತಿ ತರಿಸಿ.

ಹಾಗೆಯೇ ಹಳೆಯ ಕೇಸ್ ಶೀಟ್‌ಗಳನ್ನೂ ತೆಗೆದು ನೋಡಿ. ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಮುಂದುವರಿಯುತ್ತಿದೆ ಅಂತ ಗುರುತಿಸುವ ನಕ್ಷೆ) ಹೆರಿಗೆ ನಡೆಯುವಾಗಲೇ ಬರೆದದ್ದಾ, ಎಲ್ಲಾ ಮುಗಿದ ಮೇಲೆ ಒಂದೇ ಪೆನ್ನಿನಲ್ಲಿ ತುಂಬಿದ್ದಾ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಬೈಯೋಕೆ ನೋಡಬೇಡಿ. ಯಾವುದಕ್ಕೆ ಸಮಯ ಸಾಲುತ್ತಿಲ್ಲ, ಯಾವುದು ಅರ್ಥ ಆಗಿಲ್ಲ ಅಂತ ತಿಳಿಯೋಕೆ ನೋಡಿ.

ಕಡಿಮೆ ಕಲಿಸಿ

ಎಲ್ಲವನ್ನೂ ಮೂರು ದಿನದಲ್ಲಿ ತುರುಕಬೇಡಿ. ತಾಯಂದಿರೂ ಕೂಸುಗಳೂ ಜಾಸ್ತಿ ಸಾಯೋದು ಹೆರಿಗೆಯ ಹೊತ್ತಿನಲ್ಲಿ ಮತ್ತು ಆಮೇಲಿನ ಒಂದೆರಡು ದಿನದಲ್ಲಿ. ಕಾರಣಗಳೂ ಕೆಲವೇ. ತಾಯಿಗೆ ರಕ್ತಸ್ರಾವ, ಬಿಪಿ ಏರಿ ಫಿಟ್ಸ್, ಸೋಂಕು. ಕೂಸಿಗೆ ಹುಟ್ಟುವಾಗ ಉಸಿರಾಡದಿರೋದು, ದಿನ ತುಂಬದೆ ಅಥವಾ ತೂಕ ಕಡಿಮೆ ಹುಟ್ಟೋದು, ಸೋಂಕು. ಹೆರಿಗೆ ಮಾಡಿಸುವ ನರ್ಸ್‌ಗಳಿಗೆ ನಾನು ನಾಲ್ಕು ಕೆಲಸ ಮಾತ್ರ ಆರಿಸಿಕೊಳ್ಳುತ್ತೇನೆ: ಕೂಸಿಗೆ ಉಸಿರು ಕೊಡೋದು, ರಕ್ತಸ್ರಾವ ತಡೆಯೋದು, ಫಿಟ್ಸ್ ಬಂದವಳನ್ನು ಸಂಭಾಳಿಸೋದು, ಸಣ್ಣ ಕೂಸನ್ನು ಬೆಚ್ಚಗಿಡೋದು. ಕೈ ತೊಳೆಯೋದು ಈ ನಾಲ್ಕರಲ್ಲೂ ಮೊದಲ ಹೆಜ್ಜೆ, ಅದಕ್ಕೆ ಬೇರೆ ತರಗತಿ ಬೇಡ. ಉಳಿದದ್ದು ಆಮೇಲೆ, ಒಂದೊಂದಾಗಿ.

ಒಂದು ತಂಡದಲ್ಲಿ ಆರರಿಂದ ಎಂಟು ಜನ ಸಾಕು. ಒಂದು ಗೊಂಬೆಗೆ ಮೂರ್ನಾಲ್ಕು ಜನರಿಗಿಂತ ಜಾಸ್ತಿ ಬೇಡ. ನಲವತ್ತು ಜನರನ್ನು ಕರೆದರೆ ಮುಂದೆ ಕೂತ ಇಬ್ಬರ ಕೈ ಮಾತ್ರ ಬ್ಯಾಗ್ ಮುಟ್ಟುತ್ತೆ, ಉಳಿದವರು ನೋಡಿ ಹೋಗ್ತಾರೆ.

ಗೊಂಬೆಗೆ ಏನು ಮಾಡೋದು? ನೀರು ತುಂಬಿಸುವ ನಿಯೋನಾಟಲಿ ಗೊಂಬೆ ಇದೇ ಕೆಲಸಕ್ಕೆ ಮಾಡಿದ್ದು. ಸರಿಯಾಗಿ ಗಾಳಿ ಕೊಟ್ಟರೆ ಎದೆ ಏರುತ್ತೆ, ಹೊಕ್ಕುಳಬಳ್ಳಿಯಲ್ಲಿ ನಾಡಿ ಬಡಿಯುವ ಹಾಗೆ ಮಾಡಬಹುದು. ಜಿಲ್ಲಾ ತರಬೇತಿ ಕೇಂದ್ರದಲ್ಲೋ ಹತ್ತಿರದ ನರ್ಸಿಂಗ್ ಕಾಲೇಜಿನಲ್ಲೋ ವಿಚಾರಿಸಿ, ಎಷ್ಟೋ ಕಡೆ ಡಬ್ಬಿ ಕೂಡ ಬಿಚ್ಚದೆ ಇಟ್ಟಿರ್ತಾರೆ. ಹೆರಿಗೆಯ ನಾಟಕಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಬಿಹಾರದಲ್ಲಿ ನರ್ಸ್‌ಗಳಿಗೆ ಕಲಿಸುವಾಗ, ಮೆಕ್ಸಿಕೊದಲ್ಲಿ ಶುರುವಾದ ಪ್ರಾಂಟೊ ತಂಡದವರ ಪದ್ಧತಿಯಲ್ಲಿ, ಹೊಲಿದು ಮಾಡಿದ ಒಂದು ವಿಶೇಷ ಪ್ಯಾಂಟನ್ನು ಒಬ್ಬರು ಹಾಕಿಕೊಂಡು ಹೆರುವ ತಾಯಿಯ ಪಾತ್ರ ಮಾಡ್ತಾರೆ. ಅದರಿಂದ ಕೂಸಿನ ಗೊಂಬೆ ಹೊರಗೆ ಬರುತ್ತೆ, ಬಣ್ಣದ ನೀರು ರಕ್ತದ ಹಾಗೆ ಸುರಿಯುತ್ತೆ. ನಿಮ್ಮೂರಿನ ಟೈಲರ್ ಹತ್ತಿರ ಇಂಥದ್ದನ್ನು ಹೊಲಿಸಬಹುದು. ನಿಜವಾದ ಮನುಷ್ಯಳು ತಾಯಿಯ ಪಾತ್ರ ಮಾಡೋದರಲ್ಲಿ ಇನ್ನೊಂದು ಲಾಭ ಇದೆ. ಆಕೆ ಕೂಗ್ತಾಳೆ, ಹೆದರ್ತಾಳೆ, ಪ್ರಶ್ನೆ ಕೇಳ್ತಾಳೆ. ಸಿಸ್ಟರ್ ಆಕೆ ಜೊತೆ ಹೇಗೆ ಮಾತಾಡ್ತಾರೆ ಅನ್ನೋದೂ ಹೊರಗೆ ಬರುತ್ತೆ.

ಮೊದಲ ಒಂದು ನಿಮಿಷ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಇದಕ್ಕೇ ಕೊಡಿ. ಹುಟ್ಟಿದ ಕೂಸು ಒಂದು ನಿಮಿಷದೊಳಗೆ ತಾನಾಗಿ ಉಸಿರಾಡಬೇಕು, ಇಲ್ಲದಿದ್ದರೆ ಆ ಒಂದು ನಿಮಿಷದೊಳಗೆ ನಾವು ಬ್ಯಾಗಿನಿಂದ ಉಸಿರು ಕೊಡೋಕೆ ಶುರು ಮಾಡಿರಬೇಕು. ಇಷ್ಟೇ ಪಾಠ. ಹೇಳೋಕೆ ಸುಲಭ, ಕೈಗೆ ಬರೋಕೆ ಹೊತ್ತು ಬೇಕು.

ಅನುಕ್ರಮ ಹೀಗೆ ಮಾಡಿಸಿ. ಹೆರಿಗೆಗೆ ಮುಂಚೆಯೇ ಬ್ಯಾಗ್, ಮಾಸ್ಕ್, ಎರಡು ಒಣ ಬಟ್ಟೆ, ಟೋಪಿ ಎಲ್ಲಾ ಜೋಡಿಸಿ ಬ್ಯಾಗ್ ಪರೀಕ್ಷೆ ಮಾಡಿರಬೇಕು. ಕೂಸು ಹೊರಬಂದ ತಕ್ಷಣ ತಾಯಿಯ ಹೊಟ್ಟೆ ಮೇಲೆ ಇಟ್ಟು ಚೆನ್ನಾಗಿ ಒರೆಸಬೇಕು, ಒದ್ದೆ ಬಟ್ಟೆ ತೆಗೆದುಬಿಡಬೇಕು. ಅತ್ತರೆ ಸರಿ, ಎದೆಗೆ ಎದೆ ತಾಗಿಸಿ ಅಲ್ಲೇ ಇರಲಿ, ಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸಿ. ಅಳದಿದ್ದರೆ ತಲೆಯ ಭಂಗಿ ಸರಿ ಮಾಡಿ, ಬಾಯಿ-ಮೂಗಿನಲ್ಲಿ ಏನಾದರೂ ಕಟ್ಟಿಕೊಂಡಿದ್ದರೆ ಮಾತ್ರ ತೆಗೆದು, ಬೆನ್ನು ಉಜ್ಜಬೇಕು. ಆಗಲೂ ಉಸಿರಿಲ್ಲವಾ? ಬಳ್ಳಿ ಕತ್ತರಿಸಿ ಬ್ಯಾಗ್ ಹಿಡಿಯಬೇಕು. ಮಾಸ್ಕ್ ಗದ್ದ, ಬಾಯಿ, ಮೂಗು ಮುಚ್ಚಬೇಕು, ಕಣ್ಣಿನ ಮೇಲೆ ಬರಬಾರದು. ನಿಮಿಷಕ್ಕೆ 40ರಿಂದ 60 ಸಲ ಹಿಚುಕಬೇಕು. ಕಣ್ಣು ಕೂಸಿನ ಎದೆ ಮೇಲೇ ಇರಬೇಕು.

ಎದೆ ಏರದಿದ್ದರೆ? ಇಲ್ಲೇ ಎಲ್ಲರೂ ಗಾಬರಿ ಆಗೋದು. ತಲೆ ಮತ್ತೆ ಸರಿ ಮಾಡಿ, ಮಾಸ್ಕ್ ಮತ್ತೆ ಕೂರಿಸಿ, ಬಾಯಿ ಒಳಗೆ ನೋಡಿ, ಬಾಯಿ ಸ್ವಲ್ಪ ತೆರೆದು ಹಿಡಿದು, ಇನ್ನೂ ಸ್ವಲ್ಪ ಗಟ್ಟಿಯಾಗಿ ಹಿಚುಕಿ. ಬಹಳ ಸಲ ತೊಂದರೆ ಮಾಸ್ಕ್ ಪಕ್ಕದಿಂದ ಸೋರುವ ಗಾಳಿಯದ್ದೇ. ಇದನ್ನು ಬಾಯಲ್ಲಿ ಹೇಳಿಸಬೇಡಿ, ಗೊಂಬೆಯ ಮೇಲೆ ಬೇಕಂತಲೇ ತಪ್ಪು ಭಂಗಿ ಕೊಟ್ಟು, ಅವರೇ ಕಂಡುಹಿಡಿಯುವ ಹಾಗೆ ಮಾಡಿ.

ಹಳೆಯ ರೂಢಿಗಳು ಗಟ್ಟಿ. ಕೂಸನ್ನು ಕಾಲು ಹಿಡಿದು ತಲೆಕೆಳಗೆ ಮಾಡೋದು, ಅಂಗಾಲಿಗೆ, ಬೆನ್ನಿಗೆ ಹೊಡೆಯೋದು, ಸಕ್ಷನ್ ಪೈಪ್ ಹುಡುಕುತ್ತಾ ಅರ್ಧ ನಿಮಿಷ ಕಳೆಯೋದು. ಇಪ್ಪತ್ತು ವರ್ಷ ಹೀಗೇ ಮಾಡಿದ ಸಿಸ್ಟರ್‌ಗೆ "ಇದು ತಪ್ಪು" ಅಂದರೆ ಆಗಲ್ಲ. ಗಡಿಯಾರ ತೋರಿಸಿ. ಇಬ್ಬಿಬ್ಬರಾಗಿ ನಿಲ್ಲಿಸಿ, ಒಬ್ಬರು ಮಾಡಲಿ, ಇನ್ನೊಬ್ಬರು ಸೆಕೆಂಡ್ ಎಣಿಸಲಿ. ಸಕ್ಷನ್ ಮುಗಿಸುವಷ್ಟರಲ್ಲಿ ಐವತ್ತು ಸೆಕೆಂಡ್ ಹೋಗಿದೆ ಅಂತ ಜೊತೆಗಾರ್ತಿಯೇ ಹೇಳಿದಾಗ ಯಾರೂ ವಾದ ಮಾಡಲ್ಲ.

ಬೆಳಗಾವಿ ಸುತ್ತಮುತ್ತ ಈ ತರಬೇತಿಯನ್ನು ದೊಡ್ಡ ಮಟ್ಟದಲ್ಲಿ ಕೊಟ್ಟು ನೋಡಿದ್ದಾರೆ. ಪಿಎಚ್‌ಸಿಗಳೂ ದೊಡ್ಡ ಆಸ್ಪತ್ರೆಗಳೂ ಸೇರಿ ಹೆರಿಗೆ ಮಾಡಿಸುವ 599 ಜನರಿಗೆ ಕಲಿಸಿದರು. ಸತ್ತು ಹುಟ್ಟಿದವು ಅಂತ ದಾಖಲಾಗುತ್ತಿದ್ದ ಕೂಸುಗಳು ಶೇ 3ರಿಂದ ಶೇ 2.3ಕ್ಕೆ ಇಳಿದವು. ಇದರ ಅರ್ಥ ಏನು ಅಂತ ಸ್ವಲ್ಪ ಯೋಚಿಸಿ. ಉಸಿರಿಲ್ಲ, ಅಳಲಿಲ್ಲ ಅಂತ ಬಟ್ಟೆ ಸುತ್ತಿ ಪಕ್ಕಕ್ಕೆ ಇಡುತ್ತಿದ್ದ ಕೂಸುಗಳಲ್ಲಿ ಕೆಲವು ಬದುಕಿದ್ದವು. ಈ ಮಾತನ್ನು ತರಬೇತಿಯಲ್ಲಿ ನಿಧಾನವಾಗಿ ಹೇಳಿ, ಆಮೇಲೆ ಸ್ವಲ್ಪ ಹೊತ್ತು ಸುಮ್ನಿರಿ. ಕೂತವರಲ್ಲಿ ಕೆಲವರಿಗೆ ಯಾವುದೋ ಹಳೆಯ ರಾತ್ರಿ ನೆನಪಾಗಿರುತ್ತೆ. ಅವರನ್ನು ಯಾರೂ ದೂರಬಾರದು, ಅವರಿಗೆ ಇದನ್ನು ಯಾರೂ ಕಲಿಸಿರಲಿಲ್ಲ.

ರಕ್ತ ಎಷ್ಟು ಹೋಯಿತು?

ಇದಕ್ಕೆ ಒಂದು ಆಟ ಇದೆ, ತಪ್ಪದೆ ಮಾಡಿಸಿ. ಕೆಂಪು ಬಣ್ಣ ಕಲಸಿದ ನೀರು ತಯಾರು ಮಾಡಿ. 300 ಎಂಎಲ್ ಒಂದು ಹಳೆ ಸೀರೆ ಮೇಲೆ, 500 ಎಂಎಲ್ ಪ್ಯಾಡ್ ಮತ್ತು ಹಾಸಿನ ಮೇಲೆ, ಒಂದು ಲೀಟರ್ ನೆಲದ ಮೇಲೆ ಸುರಿಯಿರಿ. ಅಳತೆ ಹೇಳಬೇಡಿ. ಎಷ್ಟಿದೆ ಅಂತ ಒಬ್ಬೊಬ್ಬರೂ ಚೀಟಿಯಲ್ಲಿ ಬರೆಯಲಿ. ಬಹುತೇಕ ಎಲ್ಲರೂ ಕಡಿಮೆಯೇ ಬರೆಯುತ್ತಾರೆ, ಅದರಲ್ಲೂ ಬಟ್ಟೆ ಹೀರಿದ್ದು ಯಾರ ಕಣ್ಣಿಗೂ ಕಾಣಲ್ಲ. ಕಣ್ಣಂದಾಜನ್ನು ಯಾಕೆ ನಂಬಬಾರದು ಅಂತ ಆಮೇಲೆ ನೀವು ಹೇಳಬೇಕಾಗೇ ಇಲ್ಲ.

ಅಳತೆ ಗೆರೆ ಇರುವ ಪ್ಲಾಸ್ಟಿಕ್ ಹಾಸು ಸಿಕ್ಕರೆ ಸೊಂಟದ ಕೆಳಗೆ ಹಾಸಿ, ಚೀಲದಲ್ಲಿ ಎಷ್ಟು ಸೇರಿತು ಅಂತ ಓದೋದನ್ನು ಕಲಿಸಿ. ಇಂಥ ಹಾಸನ್ನು ಬೆಳಗಾವಿಯಲ್ಲೇ ಸಂಶೋಧನೆಗಾಗಿ ರೂಪಿಸಿ ಬಳಸಿದ್ದರು. ಅಲ್ಲಿನ ಹಳ್ಳಿಗಳಲ್ಲೇ ಎಎನ್‌ಎಂಗಳ (ಹಳ್ಳಿಯ ಆರೋಗ್ಯ ಸಹಾಯಕಿಯರ) ಕೈಯಿಂದ ಹೆರಿಗೆ ಆದ ತಕ್ಷಣ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡಿಸಿ ನೋಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ನಮ್ಮ ಎಎನ್‌ಎಂ ಅಕ್ಕಂದಿರು ಹಳ್ಳಿಯ ಮನೆಗಳಲ್ಲಿ ನಿಂತು ಮಾಡಿದ ಕೆಲಸ ಜಗತ್ತಿನ ಬೇರೆ ಬಡ ದೇಶಗಳಿಗೂ ದಾರಿ ತೋರಿಸಿತು. ಇದನ್ನು ತರಬೇತಿಯಲ್ಲಿ ಹೆಮ್ಮೆಯಿಂದ ಹೇಳಿ, ನಮ್ಮವರಿಗೆ ಇದು ಗೊತ್ತೇ ಇಲ್ಲ.

ಕೈಯಲ್ಲಿ ಮಾಡಿಸಬೇಕಾದದ್ದು: ಕೂಸು ಹುಟ್ಟಿದ ಮೇಲೆ ಹೊಟ್ಟೆ ಮುಟ್ಟಿ ಇನ್ನೊಂದು ಕೂಸು ಇಲ್ಲ ಅಂತ ಖಚಿತ ಮಾಡಿಕೊಂಡು, ಒಂದು ನಿಮಿಷದೊಳಗೆ ತೊಡೆಗೆ ಆಕ್ಸಿಟೋಸಿನ್ 10 ಯೂನಿಟ್. ಆಮೇಲೆ ಗರ್ಭಕೋಶಕ್ಕೆ ಕೈ ಆಸರೆ ಕೊಟ್ಟು ಬಳ್ಳಿಯನ್ನು ಹದವಾಗಿ ಎಳೆದು ಮಾಸು ತೆಗೆಯೋದು, ಮಾಸು ಪೂರ್ತಿ ಬಂದಿದೆಯಾ ಅಂತ ಬೆಳಕಿನಲ್ಲಿ ತಿರುಗಿಸಿ ನೋಡೋದು, ಗರ್ಭಕೋಶ ಗಟ್ಟಿ ಆಗಿದೆಯಾ ಅಂತ ಮುಟ್ಟಿ ನೋಡೋದು. ಮೊದಲ ಎರಡು ಗಂಟೆ ಪ್ರತಿ 15 ನಿಮಿಷಕ್ಕೊಮ್ಮೆ ಮುಟ್ಟಿ ನೋಡಬೇಕು. ಈ ಎರಡು ಗಂಟೆಯಲ್ಲೇ ಸಿಸ್ಟರ್ ದಾಖಲೆ ಬರೆಯೋಕೆ ಕೂತಿರ್ತಾರೆ, ಮನೆಯವರು ಕೂಸು ನೋಡುವ ಸಂಭ್ರಮದಲ್ಲಿರ್ತಾರೆ, ಬಾಣಂತಿ ಕಂಬಳಿ ಕೆಳಗೆ ಮಂಕಾಗಿ ಮಲಗಿರ್ತಾಳೆ. ದಾಖಲೆ ಬರೆಯುವ ಕುರ್ಚಿಯನ್ನು ಬಾಣಂತಿ ಮಂಚದ ಪಕ್ಕಕ್ಕೇ ಹಾಕಿಸಿ.

ಇನ್ನೊಂದು ವಿಷಯ ನೇರವಾಗಿ ಮಾತಾಡಿ. ಹೆರಿಗೆಗೆ ಮುಂಚೆ ನೋವು ಜಾಸ್ತಿ ಬರಲಿ ಅಂತ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುವ ರೂಢಿ ಹಲವು ಕಡೆ ಇದೆ. ಮನೆಯವರೂ "ಸೂಜಿ ಹಾಕಿ ಸಿಸ್ಟರ್" ಅಂತ ಒತ್ತಾಯ ಮಾಡ್ತಾರೆ. ಗರ್ಭಕೋಶ ಹರಿಯಬಹುದು, ಕೂಸಿಗೆ ಆಮ್ಲಜನಕ ತಪ್ಪಬಹುದು. ಸಿಸೇರಿಯನ್ ಸೌಲಭ್ಯ ಇಲ್ಲದ ಕಡೆ ಇದು ಮಾಡಲೇಬಾರದ ಕೆಲಸ. ಬರೀ ಬೇಡ ಅಂದರೆ ಸಾಲದು, ಒತ್ತಾಯ ಮಾಡುವ ಮನೆಯವರಿಗೆ ಏನು ಹೇಳಬೇಕು ಅಂತ ಪಾತ್ರ ಹಾಕಿಸಿ ಅಭ್ಯಾಸ ಮಾಡಿಸಿ.

ರಕ್ತಸ್ರಾವ ಶುರುವಾದರೆ ಒಂದಾದ ಮೇಲೆ ಒಂದು ಕಾಯುತ್ತಾ ಕೂರಬಾರದು. ಗರ್ಭಕೋಶ ಉಜ್ಜೋದು, ಆಕ್ಸಿಟೋಸಿನ್, ರಕ್ತ ಹೆಪ್ಪುಗಟ್ಟಿ ನಿಲ್ಲೋಕೆ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಹರಿದ ಜಾಗ ಹುಡುಕೋದು, ಎಲ್ಲವೂ ಒಟ್ಟಿಗೆ ನಡೆಯಬೇಕು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಅಳತೆ ಹಾಸು ಮತ್ತು ಈ ಒಟ್ಟಿಗೆ ಮಾಡುವ ಪದ್ಧತಿಯನ್ನು ಪರೀಕ್ಷಿಸಿದ ಫಲಿತಾಂಶ 2023ರಲ್ಲಿ ಬಂತು. ತೀವ್ರ ರಕ್ತಸ್ರಾವ, ಅದರಿಂದಾಗುವ ಆಪರೇಷನ್ ಮತ್ತು ಸಾವು ಎಲ್ಲಾ ಸೇರಿಸಿ ಶೇ 60ರಷ್ಟು ಕಡಿಮೆಯಾಗಿತ್ತು. ಹೊಸ ಔಷಧಿ ಏನೂ ಇರಲಿಲ್ಲ. ಬೇಗ ಕಂಡುಹಿಡಿದು, ಎಲ್ಲವನ್ನೂ ಒಟ್ಟಿಗೆ ಮಾಡಿದರು.

ಬಿಪಿ ಮತ್ತು ಫಿಟ್ಸ್

ಇದು ಚಿಕ್ಕ ಪಾಠ, ಆದರೆ ಆಂಪೂಲ್ ಒಡೆದು ಮಾಡಿಸಲೇಬೇಕು. ಫಿಟ್ಸ್ ಬಂದವಳಿಗೆ ರೆಫರ್ ಮಾಡುವ ಮುಂಚೆ ಮೆಗ್ನೀಸಿಯಂ ಸಲ್ಫೇಟ್ ಮೊದಲ ಡೋಸ್ 10 ಗ್ರಾಂ ಸ್ನಾಯುವಿಗೆ, ಎರಡೂ ಪೃಷ್ಠಕ್ಕೆ ಐದೈದು ಗ್ರಾಂ. ಶೇ 50ರ 2 ಎಂಎಲ್ ಆಂಪೂಲ್‌ನಲ್ಲಿ ಇರೋದು ಒಂದೇ ಗ್ರಾಂ, ಅಂದರೆ ಹತ್ತು ಆಂಪೂಲ್ ಬೇಕು. ಹತ್ತು ಒಡೆದು ಎರಡು ಸಿರಿಂಜ್‌ಗೆ ಎಳೆಯೋಕೆ ಒಬ್ಬರೇ ಇದ್ದರೆ ಎಷ್ಟು ಹೊತ್ತಾಗುತ್ತೆ ಅಂತ ಎಕ್ಸ್‌ಪೈರಿ ಆದ ಆಂಪೂಲ್ ಬಳಸಿ ಮಾಡಿಸಿ ನೋಡಿ. ಹತ್ತು ಆಂಪೂಲ್, ಸಿರಿಂಜ್, ಸೂಜಿ, ಜೊತೆಗೆ ಮೆಗ್ನೀಸಿಯಂ ಜಾಸ್ತಿಯಾದರೆ ಕೊಡುವ ಕ್ಯಾಲ್ಸಿಯಂ ಗ್ಲುಕೊನೇಟ್, ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಹಾಕಿ, ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿಬಿಡಿ. ಲೇಬಲ್ ಓದದೆ ಆಂಪೂಲ್ ಎಣಿಸಬಾರದು, ಡೋಸ್‌ಗಳನ್ನು ಇಲಾಖೆಯ ಈಗಿನ ಮಾರ್ಗಸೂಚಿ ಜೊತೆ ತಾಳೆ ನೋಡಿಕೊಳ್ಳಿ. ಅನೇಕ ಸಿಸ್ಟರ್‌ಗಳು ಈ ಇಂಜೆಕ್ಷನ್ ಕೊಡೋಕೆ ಹೆದರ್ತಾರೆ. ಒಂದು ಸಲ ಕೈಯಲ್ಲಿ ಮಾಡಿದರೆ ಹೆದರಿಕೆ ಅರ್ಧ ಕಡಿಮೆಯಾಗುತ್ತೆ.

ಸಣ್ಣ ಕೂಸು

ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಕೂಸಿಗೆ ಕಾಂಗರೂ ಆರೈಕೆ, ಅಂದರೆ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಕಟ್ಟಿಕೊಳ್ಳೋದು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದದ್ದು. ಈಗ ಅದೇ ಎಲ್ಲಾ ಕಡೆ ಒಪ್ಪಿದ ಪದ್ಧತಿ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೂಸಿನ ಸ್ಥಿತಿ ಸ್ಥಿರವಾಗಲಿ ಅಂತ ಕಾಯದೆ ಹುಟ್ಟಿದ ಕೂಡಲೇ ಎದೆಗೆ ಹಾಕಿದಾಗ ತೀರಾ ಸಣ್ಣ ಕೂಸುಗಳ ಸಾವು ಶೇ 25ರಷ್ಟು ಇಳಿಯಿತು.

ಕಲಿಸೋದು ಹೇಗೆ? ಪ್ರತಿಯೊಬ್ಬರೂ ಗೊಂಬೆಯನ್ನು ಎದೆಗೆ ಹಾಕಿಕೊಂಡು, ಹತ್ತಿ ಸೀರೆಯಿಂದ ಕಟ್ಟಿಕೊಂಡು, ಮುಂದಿನ ಒಂದು ಗಂಟೆ ತರಗತಿಯನ್ನು ಹಾಗೇ ಕೂತು ಕೇಳಲಿ. ಬೆನ್ನು ನೋಯುತ್ತೆ, ಸೆಕೆ ಆಗುತ್ತೆ, ಬಾತ್‌ರೂಮಿಗೆ ಹೋಗೋದು ಕಷ್ಟ. ಬಾಣಂತಿಗೆ ಏನು ಆಸರೆ ಬೇಕು ಅಂತ ಆಗ ತಾನಾಗಿ ಗೊತ್ತಾಗುತ್ತೆ: ಒರಗುವ ಕುರ್ಚಿ, ಪರದೆ, ನಡುವೆ ಗಂಟೆ ಹೊತ್ತು ಕೂಸನ್ನು ಎದೆಗೆ ಹಾಕಿಕೊಳ್ಳೋಕೆ ಅಜ್ಜಿಯೋ ಗಂಡನೋ.

ಆಶಾಗಳಿಗೆ ಬೇರೆ ಪಾಠ

ಆಶಾ ತರಬೇತಿಯನ್ನು ನರ್ಸ್ ತರಬೇತಿಯ ಚಿಕ್ಕ ರೂಪ ಮಾಡಬೇಡಿ. ಅವರ ಕೆಲಸ ಮನೆಯ ಒಳಗೆ, ಅಲ್ಲಿ ಅತ್ತೆಯ ಮಾತು ನಡೆಯುತ್ತೆ. ಅದಕ್ಕೆ ಬೇರೆ ಕೌಶಲ ಬೇಕು.

ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ಸರ್ಚ್ ಸಂಸ್ಥೆ 1990ರ ದಶಕದಲ್ಲಿ 39 ಹಳ್ಳಿಗಳಲ್ಲಿ ಊರಿನ ಹೆಣ್ಣುಮಕ್ಕಳಿಗೇ ನವಜಾತ ಶಿಶುವಿನ ಆರೈಕೆ ಕಲಿಸಿತು. ದೊಡ್ಡ ಓದು ಓದಿದವರಲ್ಲ. ಮೂರನೇ ವರ್ಷಕ್ಕೆ, ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಿಗೆ ಹೋಲಿಸಿದರೆ, ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿಯಿತು. ದೇಶದಲ್ಲಿ 2011ರಲ್ಲಿ ಶುರುವಾದ ಮನೆ ಭೇಟಿಯ ಕಾರ್ಯಕ್ರಮಕ್ಕೆ ಇದೇ ಬುನಾದಿ. ಆಸ್ಪತ್ರೆಯಲ್ಲಿ ಹೆರಿಗೆ ಆಗಿದ್ದರೆ 3, 7, 14, 21, 28, 42ನೇ ದಿನ ಆಶಾ ಮನೆಗೆ ಹೋಗಬೇಕು. ಮನೆ ಹೆರಿಗೆ ಆದರೆ ಮೊದಲ ದಿನವೂ ಸೇರಿ ಏಳು ಭೇಟಿ.

ಉಸಿರು ಎಣಿಸೋದರಿಂದ ಶುರು ಮಾಡಿ. ಪೂರ್ತಿ ಒಂದು ನಿಮಿಷ, ಕೂಸು ಅಳದೆ ಇರುವಾಗ, ಅಂಗಿ ಎತ್ತಿ. 60 ಅಥವಾ ಜಾಸ್ತಿ ಬಂದರೆ ಇನ್ನೊಂದು ಸಲ ಎಣಿಸಬೇಕು. ಇದನ್ನು ವಿಡಿಯೊ ತೋರಿಸಿ, ಆಮೇಲೆ ಪಿಎಚ್‌ಸಿ ವಾರ್ಡಿನಲ್ಲಿ ತಾಯಿಯ ಒಪ್ಪಿಗೆ ಕೇಳಿ ನಿಜವಾದ ಕೂಸಿನ ಮೇಲೆ ಮಾಡಿಸಿ. ಆಮೇಲೆ ತೂಕ. ತಕ್ಕಡಿ ಸೊನ್ನೆಗೆ ತಂದು, ಬಟ್ಟೆ ತೆಗೆದು ತೂಗಬೇಕು. ಥರ್ಮಾಮೀಟರ್ ಓದೋದು. ಆಮೇಲೆ ಅಪಾಯದ ಲಕ್ಷಣಗಳು: ಹಾಲು ಕುಡಿಯೋದು ಬಿಟ್ಟಿದೆ, ಕೈಕಾಲು ಜೋಲು ಬಿದ್ದಿವೆ, ಅಳು ಕ್ಷೀಣ ಆಗಿದೆ, ಉಸಿರೆಳೆಯುವಾಗ ಪಕ್ಕೆ ಒಳಗೆ ಹೋಗುತ್ತೆ, ಮೈ ತಣ್ಣಗಿದೆ ಅಥವಾ ಸುಡುತ್ತಿದೆ, ಹೊಕ್ಕುಳಲ್ಲಿ ಕೀವು. ಇವುಗಳಲ್ಲಿ ಒಂದು ಕಂಡರೂ ಆವತ್ತೇ ಆಸ್ಪತ್ರೆಗೆ.

ಕಷ್ಟ ಇರೋದು ಮಾತಿನಲ್ಲಿ. ಹೊಕ್ಕುಳಿಗೆ ಅರಿಶಿನ, ಬೂದಿ ಹಚ್ಚೋದು, ಮೊದಲ ಹಾಲು ಹಿಂಡಿ ಚೆಲ್ಲೋದು, ಜೇನುತುಪ್ಪ ನೆಕ್ಕಿಸೋದು, ಬಜೆ ತೇಯ್ದು ಹಾಕೋದು, ಹುಟ್ಟಿದ ದಿನವೇ ಎರೆಯೋದು, ಬಾಣಂತಿಗೆ ನೀರು ಕಡಿಮೆ ಕೊಡೋದು, ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಹೊಗೆ ಹಾಕೋದು. ಮನೆಗೆ ಹೋಗಿ ಇದೆಲ್ಲಾ ಮೂಢನಂಬಿಕೆ ಅಂದರೆ ಮುಂದಿನ ಭೇಟಿಗೆ ಬಾಗಿಲು ತೆರೆಯಲ್ಲ. ಪಾತ್ರ ಹಾಕಿಸಿ. ಒಬ್ಬ ಆಶಾ ಅಜ್ಜಿ ಆಗಲಿ, ಇನ್ನೊಬ್ಬರು ಮಾತಾಡಲಿ. "ಅಜ್ಜಿ, ನೀವು ಎಷ್ಟೋ ಬಾಣಂತನ ಮಾಡಿದೋರು. ಬಾಣಂತಿಗೆ ಬಿಸಿ ಊಟ, ಬೆಚ್ಚನೆ ಹಾಸಿಗೆ ಕೊಡ್ತಿದ್ದೀರಲ್ಲ, ಅದು ಭಾಳ ಚಲೋ. ಹೊಕ್ಕುಳಿಗೆ ಮಾತ್ರ ಏನೂ ಹಚ್ಚಬ್ಯಾಡ್ರಿ, ಒಣಗಿ ತಾನಾಗಿ ಬೀಳ್ತದ. ನಾನು ಏಳನೇ ದಿನ ಬಂದು ನೋಡ್ತೀನಿ." ಒಳ್ಳೆಯದನ್ನು ಮೊದಲು ಗುರುತಿಸಿ, ಅಪಾಯ ಇರುವ ಒಂದೆರಡನ್ನು ಮಾತ್ರ ಹಿಡಿಯೋದು. ಎಣ್ಣೆ ಹಚ್ಚಿ ಹಗುರಕ್ಕೆ ತಿಕ್ಕೋದರ ಬಗ್ಗೆ ಜಗಳ ಬೇಡ. ಲಂಬಾಣಿ ತಾಂಡಾದಲ್ಲಿ, ಉರ್ದು ಅಥವಾ ತೆಲುಗು ಮಾತಾಡುವ ಮನೆಯಲ್ಲಿ ಆ ಭಾಷೆಯಲ್ಲೇ ಅಭ್ಯಾಸ ಆಗಬೇಕು.

ತರಬೇತಿ ಕೋಣೆಯಲ್ಲಿ ಯಾರು ಇರಬೇಕು, ಹೇಗೆ ಇರಬೇಕು

ಡಾಕ್ಟರ್, ಸಿಸ್ಟರ್, ಆಯಾ ಮೂವರನ್ನೂ ಒಟ್ಟಿಗೆ ನಿಲ್ಲಿಸಿ ಡ್ರಿಲ್ ಮಾಡಿ. ತುರ್ತಿನಲ್ಲಿ ಬ್ಯಾಗ್ ತಂದುಕೊಡುವವಳು ಆಯಾ, ಅವಳಿಗೆ ಬ್ಯಾಗ್ ಎಲ್ಲಿದೆ ಗೊತ್ತಿರಬೇಕು. "ಸರ್, ಇನ್ನೂ ರಕ್ತ ನಿಂತಿಲ್ಲ" ಅಂತ ಡಾಕ್ಟರ್‌ಗೆ ಎರಡನೇ ಸಲ ಹೇಳುವ ಧೈರ್ಯ ಸಿಸ್ಟರ್‌ಗೆ ಬರಬೇಕು. ಇದೂ ಅಭ್ಯಾಸದಿಂದಲೇ ಬರುತ್ತೆ.

ಡ್ರಿಲ್ ನಡೆಯುವಾಗ ನೀವು ಬಾಯಿ ಹಾಕಬೇಡಿ. ಮುಗಿದ ಮೇಲೆ ಮಾಡಿದವರನ್ನೇ ಕೇಳಿ, ಏನು ಚೆನ್ನಾಗಿ ಬಂತು, ಎಲ್ಲಿ ತಡವಾಯಿತು ಅಂತ. ಎಲ್ಲರ ಮುಂದೆ ಒಬ್ಬರನ್ನು ಹೀಯಾಳಿಸಿದರೆ ಆವತ್ತಿನಿಂದ ಆ ತಂಡ ತಪ್ಪುಗಳನ್ನು ಮುಚ್ಚಿಡೋಕೆ ಕಲಿಯುತ್ತೆ. ಹೆರಿಗೆ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಬೈಯೋದು, ಹೊಡೆಯೋದು, ಬೆತ್ತಲೆ ಬಿಡೋದು ಇವತ್ತಿಗೂ ಇದೆ. ನರ್ಸ್‌ಗಳನ್ನು ನಾವು ಗೌರವದಿಂದ ಕಲಿಸಿದರೆ ಮಾತ್ರ, ಅವರಿಗೆ ಈ ವಿಷಯ ಎತ್ತಿ ಹೇಳುವ ನೈತಿಕ ಹಕ್ಕು ನಮಗೆ ಇರುತ್ತೆ. ತಾಯಿಯ ಪಾತ್ರ ಮಾಡಿದವರನ್ನು ಕೊನೆಗೆ ಕೇಳಿ: "ನಿಮ್ಮ ಹೆಸರು ಹಿಡಿದು ಯಾರಾದರೂ ಮಾತಾಡಿಸಿದ್ರಾ? ಸೂಜಿ ಚುಚ್ಚುವ ಮುಂಚೆ ಹೇಳಿದ್ರಾ?" ಉತ್ತರ ಕೇಳಿ ಕೋಣೆ ಸುಮ್ಮನಾಗುತ್ತೆ.

ಮುಗಿಸಿ ಬಂದ ಮೇಲೆ

ನಿಜವಾದ ಕೆಲಸ ಇಲ್ಲಿಂದ. ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ನಡೆದ ಸುಕ್ಷೇಮ ಯೋಜನೆಯಲ್ಲಿ ನರ್ಸ್ ಮೆಂಟರ್‌ಗಳಿದ್ದರು. ಅವರು ತಮಗೆ ವಹಿಸಿದ ಪಿಎಚ್‌ಸಿಗಳಿಗೆ ಮತ್ತೆ ಮತ್ತೆ ಹೋಗಿ, ಅಲ್ಲಿನ ನರ್ಸ್‌ಗಳ ಜೊತೆ ಪಕ್ಕದಲ್ಲೇ ನಿಂತು ಕೆಲಸ ಮಾಡುತ್ತಿದ್ದರು. ಕೇಸ್ ಶೀಟನ್ನೇ ಬದಲಿಸಿ, ಬರೆಯುತ್ತಾ ಹೋದರೆ ಮುಂದಿನ ಹೆಜ್ಜೆ ನೆನಪಾಗುವ ಹಾಗೆ ಮಾಡಿದ್ದರು. ಒಬ್ಬ ನರ್ಸ್ ಇನ್ನೊಬ್ಬ ನರ್ಸ್‌ನಿಂದ ಕಲಿಯೋದು ಬಹಳ ಸುಲಭ.

ಆದರೆ ಇದೂ ನಿಂತರೆ ನಿಂತಂತೆಯೇ. ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ಹೆರಿಗೆ ಚೆಕ್‌ಲಿಸ್ಟ್ ಮತ್ತು ಕೋಚಿಂಗ್ ಪರೀಕ್ಷಿಸಿದ ದೊಡ್ಡ ಅಧ್ಯಯನದಲ್ಲಿ, ಕೋಚ್ ಬರುವಾಗ ಕೆಲಸ ಸುಧಾರಿಸಿತು, ಕೋಚ್ ಬರೋದು ಕಡಿಮೆಯಾದಂತೆ ಮತ್ತೆ ಇಳಿಯಿತು. ಸಾವುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಬಂದ ಈ ಫಲಿತಾಂಶವನ್ನು ನಾವು ತರಬೇತಿ ಕೊಡುವವರು ಮರೆಯಬಾರದು. ಚೆಕ್‌ಲಿಸ್ಟ್ ತುಂಬಿದ್ದು ಬೇರೆ, ಮಾಸ್ಕ್ ಸೋರದ ಹಾಗೆ ಹಿಡಿಯೋಕೆ ಬರೋದು ಬೇರೆ.

ಹಾಗಾಗಿ ಪ್ರತಿ ಪಿಎಚ್‌ಸಿಯಲ್ಲಿ ಒಬ್ಬ ಸಿಸ್ಟರನ್ನು ಆರಿಸಿ. ಹಿರಿಯರೇ ಆಗಬೇಕಿಲ್ಲ, ಕಲಿಸುವ ಆಸೆ ಇರುವವರು. ಗೊಂಬೆ, ಬ್ಯಾಗ್ ಹೆರಿಗೆ ಕೋಣೆಯ ಮೇಜಿನ ಮೇಲೇ ಇರಲಿ, ಬೀರುವಿಗೆ ಹೋಗಬಾರದು. ಪಾಳಿ ಬದಲಾಗುವ ಹೊತ್ತಿಗೆ ವಾರಕ್ಕೊಮ್ಮೆ ಹತ್ತು ನಿಮಿಷ, ಬರುವವರು ಮತ್ತು ಹೋಗುವವರು ಇಬ್ಬರೂ ಸೇರಿ ಒಂದು ಡ್ರಿಲ್. ಗೋಡೆಗೆ ಒಂದು ಹಾಳೆ, ತಾರೀಕು ಮತ್ತು ಹೆಸರು, ಅಷ್ಟೇ ದಾಖಲೆ. ತಿಂಗಳಿಗೊಮ್ಮೆ ನೀವು ಹೋಗಿ, ಹೇಳದೆ ಒಬ್ಬರ ಕೈಗೆ ಗೊಂಬೆ ಕೊಟ್ಟು ಗಡಿಯಾರ ನೋಡಿ. ಪ್ರತಿ ಮೂರು ತಿಂಗಳಿಗೆ ಒಂದು ರೆಫರಲ್ ಡ್ರಿಲ್ ಮಾಡಿ: 108ಕ್ಕೆ ಯಾರು ಫೋನ್ ಮಾಡ್ತಾರೆ, ತಾಲ್ಲೂಕು ಆಸ್ಪತ್ರೆಗೆ ಯಾರು ತಿಳಿಸ್ತಾರೆ, ತಾಯಿ ಕಾರ್ಡ್ ಮತ್ತು ರೆಫರಲ್ ಚೀಟಿಯಲ್ಲಿ ಏನು ಬರೀತಾರೆ, ಜೊತೆಗೆ ಯಾರು ಹೋಗ್ತಾರೆ.

ಲೆಕ್ಕ ಇಡುವಾಗ ಎಷ್ಟು ಜನ ಬಂದರು ಅಂತ ಬರೆದು ಮುಗಿಸಬೇಡಿ. ಒಂದು ನಿಮಿಷದೊಳಗೆ ಬ್ಯಾಗ್ ಶುರು ಮಾಡೋಕೆ ಎಷ್ಟು ಜನರಿಗೆ ಬಂತು, ಮೂರು ತಿಂಗಳ ನಂತರ ಎಷ್ಟು ಜನರಿಗೆ ಉಳಿಯಿತು, ಉಸಿರಾಡದೆ ಹುಟ್ಟಿದ ಕೂಸುಗಳಲ್ಲಿ ಎಷ್ಟಕ್ಕೆ ಬ್ಯಾಗ್ ಹಿಡಿದರು ಅಂತ ಬರೆಯಿರಿ. ಕೂಸೋ ತಾಯಿಯೋ ತೀರಿಕೊಂಡರೆ ಆ ವಾರವೇ ಎಲ್ಲರೂ ಕೂತು ಏನಾಯಿತು ಅಂತ ಮೊದಲಿನಿಂದ ನೋಡಿ. ಯಾರು ಕಾರಣ ಅಂತ ಹುಡುಕಬೇಡಿ, ಯಾವ ಗಳಿಗೆಯಲ್ಲಿ ಬೇರೆ ಏನು ಮಾಡಬಹುದಿತ್ತು ಅಂತ ಹುಡುಕಿ. ಆ ರಾತ್ರಿ ಡ್ಯೂಟಿಯಲ್ಲಿದ್ದ ಸಿಸ್ಟರ್ ಊಟ ಮಾಡಿದ್ರಾ, ಮಲಗಿದ್ರಾ ಅಂತಲೂ ಕೇಳಿ.

ಕೊನೆಯದಾಗಿ ವರ್ಗಾವಣೆ ಮತ್ತು ಗುತ್ತಿಗೆ. ಚೆನ್ನಾಗಿ ಕಲಿತ ಸಿಸ್ಟರ್ ಆರು ತಿಂಗಳಲ್ಲಿ ಬೇರೆ ಊರಿಗೆ ಹೋಗಿರ್ತಾರೆ, ಇದಕ್ಕೆ ನೀವು ಮೊದಲೇ ತಯಾರಿರಬೇಕು. ಹೊಸಬರು ಬಂದ ಮೊದಲ ವಾರದಲ್ಲೇ, ರಾತ್ರಿ ಪಾಳಿ ಒಬ್ಬರೇ ಮಾಡುವ ಮುಂಚೆ, ನಾಲ್ಕು ಡ್ರಿಲ್‌ಗಳನ್ನೂ ಆರಿಸಿದ ಸಿಸ್ಟರ್ ಮುಂದೆ ಮಾಡಿ ತೋರಿಸಬೇಕು ಅಂತ ವೈದ್ಯಾಧಿಕಾರಿಯಿಂದ ಲಿಖಿತ ಆದೇಶ ಮಾಡಿಸಿ ಡ್ಯೂಟಿ ಚಾರ್ಟ್ ಪಕ್ಕದಲ್ಲೇ ಅಂಟಿಸಿ. ಆರಿಸಿದ ಸಿಸ್ಟರ್ ತಾವೇ ಹೋಗುವ ಹಾಗಾದರೆ, ಹೋಗುವ ಮುಂಚೆ ಇನ್ನೊಬ್ಬರನ್ನು ತಯಾರು ಮಾಡಿ ಗೊಂಬೆ, ಹಾಳೆ, ಡಬ್ಬಿ ಎಲ್ಲವನ್ನೂ ಅವರ ಕೈಗೆ ಒಪ್ಪಿಸಿ ಹೋಗಲಿ.